ಒಂದನೇ ನಂಬರಿನ ಪ್ರಿಂಟರ್

ಪ್ರಿಂಟರ್ ಇರುವ ಆಫೀಸಿನಲ್ಲಿ ನಗುವಿಗೆ ಬರಗಾಲವಿಲ್ಲ. ಕಾಗದ ಸಿಕ್ಕಿಹಾಕಿಕೊಳ್ಳುತ್ತದೆ, ರಿಬ್ಬನ್ ಹರಿಯುತ್ತದೆ, ಇಲ್ಲಿ ಒತ್ತಿದ್ದು ಅಲ್ಲಿ ಬರುತ್ತದೆ, ಅಲ್ಲಿಗೆ ಕಳಿಸಿದ್ದು ಎಲ್ಲಿಗೂ ಹೋಗುವುದಿಲ್ಲ. ತೊಂಬತ್ತರ ದಶಕದಲ್ಲಿ ಶಿಕಾರಿಪುರದ ಒಂದು ಬೀಜದ ಕಂಪನಿಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಾಗ ವಾರಕ್ಕೊಂದಾದರೂ ಇಂಥದ್ದು ನಡೆಯುತ್ತಿತ್ತು. ನೆನಪಿರುವ ಕೆಲವನ್ನು ಬರೆದಿದ್ದೇನೆ. ಓದಿದವರು ನನ್ನನ್ನು ಹೊಟ್ಟೆಕಿಚ್ಚಿನವಳು ಅನ್ನಬಹುದು. ಅನ್ನಲಿ. ಹೊಟ್ಟೆಕಿಚ್ಚು ಇಲ್ಲದಿದ್ದರೆ ನಾನು ಇವತ್ತಿಗೂ ಮೂಟೆಯ ಬಾಯಿ ಹೊಲಿಯುತ್ತಾ ಕೂತಿರುತ್ತಿದ್ದೆ.

ಮಿರ್ಚಿಗೆ ಕಾಯುವುದು

ಆ ಕಂಪನಿಗೆ ನಾನು ಸೇರಿದ್ದೇ ಬೀಜದ ಚೀಲ ಹೊಲಿಯೋಕೆ. ಓದಿದ್ದು ಏಳನೇ ಕ್ಲಾಸು. ಚೀಲದ ಮೇಲಿದ್ದ ಇಂಗ್ಲಿಷ್ ಅಕ್ಷರಗಳನ್ನೇ ಕೂಡಿಸಿ ಕೂಡಿಸಿ ಓದಲು ಕಲಿತೆ. ಆಮೇಲೆ ಟೈಪಿಂಗ್ ಕಲಿತು ಗೋದಾಮಿನಿಂದ ಆಫೀಸಿಗೆ ಬಂದೆ. ಯಾರೂ ಕೈ ಹಿಡಿದು ತಂದು ಕೂರಿಸಲಿಲ್ಲ.

ಹುಬ್ಬಳ್ಳಿಯ ಮುಖ್ಯ ಕಚೇರಿಯವರು ಹೊಸ ಕಂಪ್ಯೂಟರ್ ತಂದಾಗ ತಮ್ಮ ಹಳೆಯದನ್ನು ಲಾರಿಯಲ್ಲಿ ನಮಗೆ ಕಳಿಸಿದರು. ಮೇಜಿನ ಮೇಲೆ ಕೂರುವಂಥದ್ದಲ್ಲ. ಅಡ್ಡ ಮಲಗಿಸಿದ ಕಬ್ಬಿಣದ ಬೀರುವಿನಷ್ಟಿತ್ತು. ಅದಕ್ಕೊಂದು ಗಾಜಿನ ಕೋಣೆ, ಕೋಣೆಗೆ ತಂಪಿನ ಯಂತ್ರ, ಬಾಗಿಲಿಗೆ ಬೀಗ. ಕೀಲಿ ಮ್ಯಾನೇಜರ್ ಸಾಹೇಬರ ಜೇಬಿನಲ್ಲಿ. ನಾವು ಹೊರಗೆ ಸೆಖೆಯಲ್ಲಿ ರಟ್ಟಿನಿಂದ ಗಾಳಿ ಹಾಕಿಕೊಳ್ಳುತ್ತಾ ಹಸಿರು ಅಕ್ಷರದ ಪರದೆ ನೋಡಬೇಕು, ಅದು ಒಳಗೆ ತಣ್ಣಗೆ ಮಲಗಿರಬೇಕು. ನನ್ನ ಮೊದಲ ಹೊಟ್ಟೆಕಿಚ್ಚು ಆ ಯಂತ್ರದ ಮೇಲೆಯೇ.

ಯಂತ್ರದ ಜೊತೆ ಐದು ದಪ್ಪ ಪುಸ್ತಕ ಬಂದಿದ್ದವು. ಯಾರೂ ತೆರೆದಿರಲಿಲ್ಲ. ಜವಾನ ಮಾತ್ರ ಗೋಡೆ ಗಡಿಯಾರಕ್ಕೆ ಕೀ ಕೊಡುವಾಗ ಅವುಗಳ ಮೇಲೆ ಹತ್ತಿ ನಿಲ್ಲುತ್ತಿದ್ದ. ನಾನು ಒಂದೊಂದಾಗಿ ಮನೆಗೆ ಒಯ್ದು ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಓದಿದೆ. ಮೊದಲನೆಯದಕ್ಕೆ ಆರು ತಿಂಗಳು ಹಿಡಿಯಿತು. ಕೊನೆಯದಕ್ಕೆ ಆರು ವಾರ.

ಒಂದು ದಿನ ಬೀಜದ ಚೀಟಿ ಅಚ್ಚಾಗುವುದು ನಿಂತಿತು. ತಳಿಯ ಹೆಸರಿರುವ ಆ ಚೀಟಿ ಕಟ್ಟದೆ ಒಂದು ಚೀಲವೂ ಗೇಟು ದಾಟುವಂತಿಲ್ಲ. ದಾವಣಗೆರೆಯಿಂದ ಟೈ ಕಟ್ಟಿದ ಎಂಜಿನಿಯರ್ ಬಂದು ಪ್ರಿಂಟರಿನ ಮೈಯೆಲ್ಲಾ ಬಿಚ್ಚಿ ಹಾಸಿದ. ನಾನು ಮೂರನೇ ಪುಸ್ತಕದಲ್ಲಿ ಓದಿದ್ದೆ: ಮಾಮೂಲಿ ಕಾಗದ ಬಿಟ್ಟು ಬೇರೆ ಕಾಗದದ ಕೆಲಸ ಬಂದರೆ ಕಂಪ್ಯೂಟರ್ ‘ಆ ಕಾಗದ ಹಾಕಿದ್ದೀರಾ?’ ಅಂತ ಕೇಳಿ, ಉತ್ತರ ಬರುವವರೆಗೂ ಸುಮ್ಮನೆ ಕಾಯುತ್ತದೆ. ಆ ಪ್ರಶ್ನೆ ಬೇರೊಂದು ಪರದೆಯಲ್ಲಿ ಇರುತ್ತದೆ. ಹುಡುಕಿದವರಿಗೆ ಮಾತ್ರ ಕಾಣುತ್ತದೆ.

“ಸಾರ್, ಅದು ಏನೋ ಕೇಳ್ತಿದೆ,” ಅಂದೆ.

“ಮೇಡಂ, ಪ್ರಿಂಟರ್ ಏನೂ ಕೇಳಲ್ಲ. ನೀವು ಈ ಸ್ಕ್ರೂ ಹಿಡ್ಕೊಳ್ಳಿ,” ಅಂದ.

ಎರಡು ಗಂಟೆ ಸ್ಕ್ರೂ ಹಿಡಿದುಕೊಂಡಿದ್ದೆ. ಎಲ್ಲ ಜೋಡಿಸಿ ಅವನು ಕೈ ತೊಳೆಯಲು ಹೋದಾಗ ಪ್ರಶ್ನೆಯ ಪರದೆ ತೆಗೆದು, ಪುಸ್ತಕದಲ್ಲಿದ್ದ ಹಾಗೆ ‘ಜಿ’ ಒತ್ತಿದೆ. ಪ್ರಿಂಟರ್ ಕಿರ್ರೆಂದು ಹೊರಟಿತು. ಅವನು ಒದ್ದೆ ಕೈಯಲ್ಲೇ ಓಡಿ ಬಂದು, “ನೋಡಿದ್ರಾ? ಒಳಗೆ ಧೂಳು ಕೂತಿತ್ತು,” ಅಂದ. ಮ್ಯಾನೇಜರ್ ಖುಷಿಯಾಗಿ ಅವನಿಗೆ ಮಂಡಕ್ಕಿ ಮಿರ್ಚಿ ತರಿಸಿದರು. ನನ್ನ ಮುಂದೆ ಬಂದದ್ದು ಅವನ ವರದಿ, ಸಾಕ್ಷಿಯ ಸಹಿಗೆ.

ಮುಂದಿನ ತಿಂಗಳು ಚೀಟಿ ಮತ್ತೆ ನಿಂತಿತು. ಮ್ಯಾನೇಜರ್ ಓಡಿ ಬಂದರು. “ಏನ್ರೀ, ಎಂಜಿನಿಯರಿಗೆ ಫೋನ್ ಮಾಡ್ಲಾ?”

“ಬೇಡ ಸಾರ್, ಮಿರ್ಚಿಗೆ ಹೇಳಿ. ಯಂತ್ರ ನನ್ನ ಉತ್ತರಕ್ಕೆ ಕಾಯುತ್ತೆ, ನಾನು ಮಿರ್ಚಿಗೆ ಕಾಯ್ತೀನಿ.”

ಮೊಳೆ

ಸೊರಬದಲ್ಲಿ ನಮ್ಮ ಕಂಪನಿಯ ಡಿಪೋ ಇತ್ತು. ಅಲ್ಲಿಗೆ ಒಬ್ಬ ಹುಡುಗಿಯನ್ನು ತೆಗೆದುಕೊಂಡರು. ಕಂಪ್ಯೂಟರಿನಲ್ಲಿ ಡಿಪ್ಲೊಮಾ ಮಾಡಿದವಳು. ಅವಳಿಗೊಂದು ಸಣ್ಣ ಕಂಪ್ಯೂಟರ್, ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಹೊಸ ಪ್ರಿಂಟರ್. ಕೆಲಸ ತೋರಿಸಿಕೊಡುವ ನೆಪದಲ್ಲಿ ನಾನು ಅವಳನ್ನು ನೋಡಿಕೊಂಡು ಬರಲು ಹೋದೆ. ಕುರ್ಚಿಯ ಹಿಂದೆ ಗೋಡೆಗೆ ಅವಳ ಸರ್ಟಿಫಿಕೇಟು ನೇತಾಡುತ್ತಿತ್ತು. ಗಾಜು, ಚಿನ್ನದ ಬಣ್ಣದ ಕಟ್ಟು. ನಮ್ಮ ಮನೆಯ ದೇವರ ಪಟಕ್ಕೂ ಅಂಥ ಕಟ್ಟು ಇರಲಿಲ್ಲ.

“ಎಂತ ಮೇಡಂ, ಆಗಿಂದ ಅದನ್ನೇ ನೋಡ್ತಾ ಇದೀರಿ?” ಅಂದಳು.

“ಗಾಜಿನ ಮೇಲೆ ಧೂಳು ಕೂತಿದೆ,” ಅಂದೆ.

ನನ್ನ ಹತ್ತಿರ ಐದು ಪುಸ್ತಕದ ವಿದ್ಯೆ ಇತ್ತು, ನೇತುಹಾಕಲು ಒಂದು ಹಾಳೆ ಇರಲಿಲ್ಲ. ಶಿಕಾರಿಪುರಕ್ಕೆ ಬಂದವಳೇ ಜವಾನನನ್ನು ಕರೆದು ನನ್ನ ಕುರ್ಚಿಯ ಹಿಂದೆ ಒಂದು ಮೊಳೆ ಹೊಡೆಸಿದೆ.

“ಏನು ತಗಲಾಕದು ಅಕ್ಕಾರೆ?” ಅಂದ.

“ಅದಿನ್ನೂ ಬಂದಿಲ್ಲ. ಮೊಳೆ ಇರಲಿ.”

ಶಿರಸಿ ನೋಡಿ ಬಂದ ಪಟ್ಟಿ

ಯಾವ ಊರಿಗೆ ಯಾವ ತಳಿ, ಎಷ್ಟು ಚೀಲ ಅನ್ನುವ ಪಟ್ಟಿ ದೊಡ್ಡ ಕಂಪ್ಯೂಟರಿನಲ್ಲೇ ತಯಾರಾಗಬೇಕು. ಅದನ್ನು ನಾನು ಅಚ್ಚು ಮಾಡಿ, ಸುತ್ತಿ, ದಾರ ಕಟ್ಟಿ, ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ. ಬಸ್ಸು ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋದಾಗ ಡಿಪೋದವರು ಇಳಿಸಿಕೊಳ್ಳಬೇಕು.

ಒಂದು ದಿನ ಫೋನ್ ಬಂತು. “ಮೇಡಂ, ಪಟ್ಟಿ ಬಂದಿಲ್ಲ. ಹೊಸಬಾಳೆ ಊರಿನ ರೈತರು ಗಾಡಿ ತಂದು ನಿಲ್ಸಿದಾರೆ.”

“ನಾನು ಕಳಿಸಿದ್ದೀನಿ. ಇಳಿಸ್ಕೊಳ್ಳೋದು ಡಿಪ್ಲೊಮಾದಲ್ಲಿ ಹೇಳಿಕೊಟ್ಟಿಲ್ವಾ?”

ಮರುದಿನ ಕಂಡಕ್ಟರ್ ಆ ಸುರುಳಿಯನ್ನು ನನ್ನ ಕೈಗೇ ವಾಪಸು ಕೊಟ್ಟ. “ಕೊಡೋದು ಮರ್ತೆ ಅಕ್ಕಾರೆ. ನಿಮ್ಮ ಪೇಪರು ಶಿರಸಿ ತನಕ ಹೋಗಿ, ರಾತ್ರಿ ಉಳ್ಕಂಡು, ಊರು ನೋಡ್ಕಂಡು ಬಂತು.”

ನಾನು ಅಲ್ಲಿಯವರೆಗೆ ಶಿರಸಿ ನೋಡಿರಲಿಲ್ಲ. ನಾನೇ ಅಚ್ಚು ಮಾಡಿದ ಪಟ್ಟಿಯ ಮೇಲೂ ಹೊಟ್ಟೆಕಿಚ್ಚಾಯಿತು.

ನೂರು ಎಣಿಸಿ

ಸೊರಬದ ಪ್ರಿಂಟರ್ ಒಮ್ಮೆ ಕೆಂಪು ದೀಪ ಹಚ್ಚಿಕೊಂಡು ಮುಷ್ಕರ ಹೂಡಿತು. ಅವಳು ಫೋನ್ ಮಾಡಿ, “ಎಂತ ಮಾಡೋದು ಮೇಡಂ?” ಅಂದಳು. ಆರಿಸಿ, ಹತ್ತು ಎಣಿಸಿ, ಮತ್ತೆ ಹಾಕಿದರೆ ಸಾಕು. ನನಗೆ ಆ ಚಿನ್ನದ ಕಟ್ಟು ನೆನಪಾಯಿತು.

“ಆರಿಸಿ, ನೂರು ಎಣಿಸಿ. ಗಟ್ಟಿಯಾಗಿ ಎಣಿಸಿ, ನನಗೂ ಕೇಳಬೇಕು. ಮಧ್ಯ ತಪ್ಪಿದರೆ ಮೊದಲಿಂದ.”

ಎಣಿಸಿದಳು. ಅರವತ್ತೆಂಟರಲ್ಲಿ ಯಾರೋ ಅವಳನ್ನು ಮಾತಾಡಿಸಿದರು. ಮೊದಲಿಂದ ಎಣಿಸಿದಳು. ನೂರು ಮುಗಿದು ಹಸಿರು ದೀಪ ಬಂತು. ನಾನು ಜವಾನನ ಕಡೆ ನೋಡಿ ಒಳಗೊಳಗೇ ನಗುತ್ತಿದ್ದೆ.

“ಥ್ಯಾಂಕ್ಸ್ ಮೇಡಂ. ಮೂರನೇ ಪುಸ್ತಕದಲ್ಲಿ ಹತ್ತು ಅಂತ ಇದೆ, ಅಷ್ಟು ಸಾಕಾ ಅಂತ ಕೇಳಿದ್ದು.”

ನನ್ನ ನಗು ನಿಂತಿತು. “ಮೂರನೇ ಪುಸ್ತಕ ನಿಮಗೆಲ್ಲಿ ಸಿಕ್ತು?”

“ಐದನ್ನೂ ಜೆರಾಕ್ಸ್ ಮಾಡಿಸಿ ಸಾಹೇಬ್ರೇ ಕಳಿಸಿದ್ರು. ಓದಿ ಆಯ್ತು.”

“ಎಷ್ಟು ದಿನ ಬೇಕಾಯ್ತು?”

“ಒಂದು ಹದಿನೈದು ದಿನ.”

ಫೋನ್ ಇಟ್ಟೆ. ಆಮೇಲೆ ನೂರು ಎಣಿಸಬೇಕಾದದ್ದು ನಾನು.

ನೇರಳೆ ಚೀಟಿ

ಎರಡೂ ಕಡೆಯ ಪ್ರಿಂಟರಿಗೆ ಒಂದೇ ಬಗೆಯ ರಿಬ್ಬನ್. ಹುಬ್ಬಳ್ಳಿಯಿಂದ ಎರಡು ಹೊಸದು ಬಂದವು, ಒಂದು ನಮಗೆ, ಒಂದು ಸೊರಬಕ್ಕೆ. ನಾನು ಒಂದನ್ನು ನಮ್ಮ ಪ್ರಿಂಟರಿಗೆ, ಅವಳ ಪಾಲಿನದನ್ನು ನನ್ನ ಡ್ರಾಯರಿಗೆ ಹಾಕಿದೆ. ನಮ್ಮ ಸವೆದ ಹಳೇ ರಿಬ್ಬನ್ನಿಗೆ ಠಸ್ಸೆ ಒತ್ತುವ ಪ್ಯಾಡಿನ ನೇರಳೆ ಶಾಯಿ ಕುಡಿಸಿ, ಹೊಸ ಡಬ್ಬಿಯಲ್ಲಿಟ್ಟು ಅವಳಿಗೆ ಕಳಿಸಿದೆ. ಡಿಪ್ಲೊಮಾದವಳು ಮಸಿ ಮಸಿ ಮಾಡಿಕೊಂಡು ಬೈಸಿಕೊಳ್ಳಲಿ ಅಂತ ನನ್ನ ಲೆಕ್ಕ.

ಸೊರಬದ ಚೀಟಿಗಳೆಲ್ಲ ನೇರಳೆ ಬಣ್ಣದಲ್ಲಿ ಬಂದವು. ಒಂದು ವಾರಕ್ಕೆ ಅಂಜನಾಪುರದ ನಾಲ್ಕು ಜನ ರೈತರು ನಮ್ಮ ಗೇಟಿಗೆ ಬಂದು ನಿಂತರು.

“ಸೊರಬದಾಗ ನೇರಳೆ ಚೀಟಿ ಬೀಜ ಕೊಡಾಕತ್ತೀರಂತಲ್ರೀ. ನಮಗ್ಯಾಕೆ ಕರೀ ಚೀಟಿದು?”

“ಎರಡೂ ಒಂದೇ ಬೀಜ ಕಣ್ರಪ್ಪ,” ಅಂದೆ.

“ಒಂದೇ ಆದ್ರೆ ಬಣ್ಣ ಯಾಕೆ ಬ್ಯಾರೆ?”

ಉತ್ತರ ಗೊತ್ತಿದ್ದದ್ದು ನನಗೊಬ್ಬಳಿಗೆ. ಹೇಳುವ ಹಾಗಿರಲಿಲ್ಲ. “ನಮ್ಮ ನೀರಾವರಿ ಗದ್ದೆಗೆ ನೇರಳೇದೇ ಬೇಕು,” ಅಂತ ಅವರು ಕಲ್ಲಿನ ಮೇಲೆ ಕೂತರು. ಮ್ಯಾನೇಜರ್ ಹೊರಗೆ ಬಂದು ಎಲ್ಲ ಕೇಳಿ, ನನ್ನನ್ನು ಪಕ್ಕಕ್ಕೆ ಕರೆದರು. “ನೋಡ್ರೀ, ಓದಿದ ಹುಡುಗಿ. ತಲೆ ಓಡಿಸಿ ಏನೋ ಹೊಸದು ಮಾಡಿದಾಳೆ. ನೀವೂ ನೇರಳೆ ಮಾಡಿ.”

ಹೊಸ ಕರೀ ರಿಬ್ಬನ್ ಬಿಚ್ಚಿಟ್ಟು, ಇನ್ನೊಂದು ಹಳೆಯದನ್ನು ಹುಡುಕಿ, ಗಜಗಟ್ಟಲೆ ರಿಬ್ಬನ್ನಿಗೆ ಶಾಯಿ ಹಚ್ಚುತ್ತಾ ಎರಡು ದಿನ ಕೂತೆ. ಹೆಸರು ಅವಳಿಗೆ, ಬಣ್ಣ ನನಗೆ. ಹತ್ತು ಬೆರಳೂ ನೇರಳೆಯಾಗಿದ್ದವು. ಜವಾನ ಟೀ ತಂದಿಟ್ಟು ನನ್ನ ಕೈ ನೋಡಿ ಹೇಳಿದ: “ಏನ್ ಅಕ್ಕಾರೆ, ಹತ್ತು ಬೂತಿನಾಗೂ ಓಟ್ ಹಾಕಿ ಬಂದ್ರಾ?”

ಆ ಶಾಯಿ ಬೇಗ ಒಣಗಿ ಅಕ್ಷರ ಮಸುಕಾಗುತ್ತದೆ ಅನ್ನುವುದು ತಿಂಗಳ ಮೇಲೆ ತಿಳಿಯಿತು. ಶಿಕಾರಿಪುರದಲ್ಲಿ ನಾವು ಸುಮ್ಮನೆ ಕರಿ ರಿಬ್ಬನ್ನಿಗೆ ಮರಳಿದೆವು. ಹೊಸ ರಿಬ್ಬನ್ ಕೇಳಿ ಸೊರಬದವಳು ಬರೆದ ಪತ್ರ ಮಾತ್ರ ಡ್ರಾಯರಿನಲ್ಲಿ ಅವಳ ಪಾಲಿನ ಆ ರಿಬ್ಬನ್ನಿನ ಪಕ್ಕದಲ್ಲೇ ಮಲಗಿತ್ತು.

ಎರಡು ಯಾರು?

ಬಸ್ಸಿನ ಸಹವಾಸ ಸಾಕಾಗಿ ಮ್ಯಾನೇಜರ್ ಒಂದು ಹೊಸ ಯೋಜನೆ ತಂದರು. ಶಿಕಾರಿಪುರದ ದೊಡ್ಡ ಕಂಪ್ಯೂಟರಿಗೂ ಸೊರಬದ ಪ್ರಿಂಟರಿಗೂ ಟೆಲಿಫೋನ್ ತಂತಿಯ ಮೇಲೆ ಸಂಪರ್ಕ. ಇಲ್ಲಿ ಒತ್ತಿದರೆ ಅಲ್ಲಿ ಅಚ್ಚಾಗಬೇಕು. ಸೊರಬದವಳನ್ನು ಶಿಕಾರಿಪುರಕ್ಕೆ ಕರೆಸಿ, ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು: “ಇದನ್ನ ಮೊದಲು ಯಾರು ಮಾಡಿ ತೋರಿಸ್ತೀರೋ ಅವರಿಗೆ ಗಾಜಿನ ಕೋಣೆ ಕೀಲಿ. ಎರಡೂ ಕಡೆಯ ಜವಾಬ್ದಾರಿ. ಹುಬ್ಬಳ್ಳಿಯಲ್ಲಿ ತರಬೇತಿ, ಅದು ಮುಗಿದ ಮೇಲೆ ಸರ್ಟಿಫಿಕೇಟು.”

ಕೊನೆಯ ಮಾತು ಕೇಳಿ ನಾನು ನನ್ನ ಮೊಳೆಯ ಕಡೆ ನೋಡಿದೆ. ಅವಳೂ ಅದನ್ನೇ ನೋಡುತ್ತಿದ್ದಳು.

ಎಂಜಿನಿಯರ್ ತಂತಿ ಜೋಡಿಸಿ ಹೋದ. ಉಳಿದದ್ದು ನಂಬರು. ಪ್ರಿಂಟರಿನ ಬೆನ್ನಿಗೆ ಒಂದು ಪುಟ್ಟ ಸ್ವಿಚ್ ಇರುತ್ತದೆ, ಅದು ಅದರ ಮನೆ ನಂಬರ್ ಇದ್ದ ಹಾಗೆ. ಒಂದು ಪ್ರಿಂಟರ್ ಒಂದು ಆದರೆ ಇನ್ನೊಂದು ಎರಡು ಆಗಬೇಕು. ಎರಡೂ ಒಂದೇ ಅಂದರೆ ಕಂಪ್ಯೂಟರ್ ಕಕ್ಕಾಬಿಕ್ಕಿಯಾಗುತ್ತದೆ. ನಮ್ಮದು ಒಂದಕ್ಕಿತ್ತು. ಅವಳದೂ ಒಂದಕ್ಕಿತ್ತು.

“ಮೇಡಂ, ನಿಮ್ಮದನ್ನ ಎರಡು ಮಾಡ್ತೀರಾ?” ಅಂತ ಫೋನಿನಲ್ಲಿ ಕೇಳಿದಳು.

“ನಾನ್ಯಾಕ್ರೀ ಮಾಡಲಿ? ಕಂಪ್ಯೂಟರ್ ಇರೋದು ನಮ್ಮಲ್ಲಿ.”

“ಹೊಸ ಪ್ರಿಂಟರ್ ಇರೋದು ನಮ್ಮಲ್ಲಿ.”

“ನಮ್ಮದು ಮೊದಲು ಬಂದದ್ದು.”

“ವಯಸ್ಸಾಗಿದೆ ಅಂತ ಒಂದನೇ ನಂಬರ್ ಕೊಡ್ಲಿಕ್ಕೆ ಆಗ್ತದಾ ಮಾರಾಯ್ರೆ?”

ಪ್ರಿಂಟರಿಗೆ ಹೇಳಿದ್ದೋ ನನಗೆ ಹೇಳಿದ್ದೋ ಬಿಡಿಸಿ ಕೇಳಲಿಲ್ಲ. ಫೋನ್ ಕುಕ್ಕಿದೆ. ಕಂಪ್ಯೂಟರಿನೊಳಗೆ ಸೊರಬವನ್ನು ಎರಡು ಅಂತ ಬರೆದೆ. ನಾನು ಒತ್ತಿದ್ದೆಲ್ಲ ಆ ಎರಡಕ್ಕೇ ಹೋಗುವ ಹಾಗೆ ನನ್ನ ಪರದೆಯನ್ನು ತಿರುಗಿಸಿಟ್ಟೆ. ಸಂಜೆಯವರೆಗೆ ಪರೀಕ್ಷೆಯ ಹಾಳೆ ಕಳಿಸಿದೆ.

“ಬಂತಾ?”

“ಇಲ್ಲ.”

“ಸ್ವಿಚ್ಚು?”

“ಒಂದೇ.”

ಹೀಗೆ ಎಂಟು ದಿನ. ಹೋಗದೆ ಉಳಿದ ಹಾಳೆಗಳನ್ನು ದಿನಾ ಸಂಜೆ ಅಳಿಸುತ್ತಿದ್ದೆ. ಎಂಜಿನಿಯರ್ ಮತ್ತೆ ಬಂದು ತಲೆ ಚಚ್ಚಿಕೊಂಡ. “ಯಾರಾದ್ರೂ ಒಬ್ರು ಎರಡು ಆದ್ರೆ ಮುಗೀತಲ್ರೀ!”

“ಅವರಿಗೆ ಹೇಳಿ,” ಅಂದೆ. ಸೊರಬಕ್ಕೆ ಹೋಗಿ ಹೇಳಿದನಂತೆ. ಅವಳೂ, “ಅವರಿಗೆ ಹೇಳಿ,” ಅಂದಳಂತೆ. ಅವನು ಬರೆದ ವರದಿಯಲ್ಲಿ ಒಂದೇ ಸಾಲಿತ್ತು: ‘ಯಂತ್ರಗಳಲ್ಲಿ ಯಾವ ದೋಷವೂ ಇಲ್ಲ.’

ಮೂರು ಪ್ರತಿ

ಮ್ಯಾನೇಜರಿಗೆ ತಾಳ್ಮೆ ಮುಗಿಯಿತು. “ನಾಳೆಯೊಳಗೆ ಆಗದಿದ್ರೆ ಕೀಲಿ ಡಿಪ್ಲೊಮಾ ಇರೋರಿಗೆ,” ಅಂದರು. ಮರುದಿನ ಬೆಳಿಗ್ಗೆ ಜೀಪು ಹತ್ತಿ ಎಲ್ಲಿಗೋ ಹೊರಟರು. ಅಂಜನಾಪುರದ ಕಡೆ ಬೀಜದ ಗದ್ದೆ ನೋಡಲು ಹೋಗಿರಬೇಕು ಅಂದುಕೊಂಡೆ.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕೊನೆಗೆ ಅವರಿಗೊಂದು ಅರ್ಜಿ ಬರೆಯಲು ಕೂತೆ. ಆ ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲ. ನನಗೆ ಇಂಗ್ಲಿಷಿನಲ್ಲಿ ಸಿಟ್ಟು ಬರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದೆ. ಮ್ಯಾನೇಜರ್ ಬರುವಷ್ಟರಲ್ಲಿ ಮೇಜಿನ ಮೇಲಿರಲಿ ಅಂತ ಪ್ರಿಂಟ್ ಒತ್ತಿದೆ. ನಮ್ಮ ಪ್ರಿಂಟರ್ ಅಲ್ಲಾಡಲಿಲ್ಲ. ಇನ್ನೊಮ್ಮೆ ಒತ್ತಿದೆ. ಕಾಗದ ನೋಡಿದೆ, ರಿಬ್ಬನ್ ನೋಡಿದೆ, ಪ್ರಶ್ನೆ ಏನಾದರೂ ಕಾಯುತ್ತಿದೆಯಾ ನೋಡಿದೆ. ಏನೂ ಇಲ್ಲ. ಮೂರನೇ ಸಲ ಸಿಟ್ಟಿನಿಂದ ಒತ್ತಿದೆ.

ಆಗ ಫೋನ್ ಬಡಿದುಕೊಂಡಿತು.

“ಮೇಡಂ, ಬಂತು!”

“ಏನು ಬಂತು?”

“ಶಿಕಾರಿಪುರದ್ದು ಸೊರಬಕ್ಕೆ ಬಂತು! ಸ್ವಿಚ್ಚು ಎರಡಕ್ಕೆ ತಿರುಗಿಸಿ ಕೈ ತೆಗೆಯೋದ್ರೊಳಗೆ ಕಿರ್ ಅಂತ ಶುರುವಾಯ್ತು. ಮೂರು ಪ್ರತಿ ಇದೆ.”

ನನ್ನ ಪರದೆ ಇನ್ನೂ ಸೊರಬದ ಕಡೆಗೇ ತಿರುಗಿದೆ ಅನ್ನುವುದು ಆಗ ನೆನಪಾಯಿತು. ಕೈಕಾಲು ತಣ್ಣಗಾದವು. ಗಾಜಿನ ಕೋಣೆಯಲ್ಲೂ ಅಷ್ಟು ತಂಪಿರಲಿಕ್ಕಿಲ್ಲ.

“ಹರಿದು ಹಾಕಿ. ಅದು ಪರೀಕ್ಷೆಗೆ ಕಳಿಸಿದ್ದು.”

“ಅಲ್ಲ ಮೇಡಂ, ‘ಮಾನ್ಯರೇ’ ಅಂತ ಇದೆ. ಓದ್ತೀನಿ, ಸರಿಯಾಗಿ ಬಂದಿದೆಯಾ ಹೇಳಿ. ‘ಸೊರಬದವರಿಗೆ’... ಮುಂದಿನ ಒಂದು ಪದ ಮಸುಕು, ಆಮೇಲೆ ‘ಜಾಸ್ತಿ’ ಅಂತ ಇದೆ. ನೀವು ಕಳಿಸಿದ ರಿಬ್ಬನ್ ಅಲ್ವಾ. ಸೊರಬದವರಿಗೆ ಎಂತ ಜಾಸ್ತಿ?”

ಫೋನ್ ಇಟ್ಟುಬಿಡಬಹುದಿತ್ತು. ಆದರೆ ಬರೆದದ್ದನ್ನು ಬರೆದಿಲ್ಲ ಅನ್ನುವ ಪೈಕಿಯಲ್ಲ ನಾನು.

“ಅಹಂಕಾರ,” ಅಂದೆ.

“ಹಾಂ, ಅಹಂಕಾರ. ಈಗ ಕಾಣ್ತು. ‘ಅವರ ಕೈಗೆ ಕೀಲಿ ಕೊಟ್ಟರೆ ಒಂದು ಕಾಗದವೂ ಸರಿಯಾದ ಜಾಗಕ್ಕೆ ಹೋಗುವುದಿಲ್ಲ.’ ಇದು ಚೆಂದ ಬಂದಿದೆ ಮೇಡಂ. ‘ನಾನು ಐದೂ ಪುಸ್ತಕ ಓದಿದ್ದೇನೆ’... ಅಲ್ಲಿಂದ ಮುಂದೆ ಒಂದಕ್ಷರ ಕಾಣ್ತಾ ಇಲ್ಲ. ಮೂರು ಪ್ರತಿಯಲ್ಲೂ ಇಲ್ಲ.”

ಕಾಣದೆ ಹೋದದ್ದೇ ಇಡೀ ಅರ್ಜಿಯಲ್ಲಿ ನನಗೆ ತುಂಬಾ ಮೆಚ್ಚುಗೆಯಾದ ಸಾಲು. ಹದಿನೈದು ದಿನದಲ್ಲಿ ಐದು ಪುಸ್ತಕ ಮುಗಿಸಿದವಳಿಗೆ ಅದು ಕೇಳಿಸಲೇಬೇಕಿತ್ತು. ಎದ್ದು ನಿಂತು, ಇಡೀ ಆಫೀಸಿಗೆ ಕೇಳುವ ಹಾಗೆ ಹೇಳಿದೆ: “ಆದ್ದರಿಂದ ನನಗೆ ಇನ್ನು ಕಲಿಯಲು ಏನೂ ಉಳಿದಿಲ್ಲ. ನನಗೆ ಯಾರ ತರಬೇತಿಯೂ ಬೇಕಾಗಿಲ್ಲ. ಬೇಕಾದ್ರೆ ಬರ್ಕೊಳ್ಳಿ!”

“ಬರ್ಕೊಂಡೆ ಮೇಡಂ. ಒಂದು ನಿಮಿಷ, ಸಾಹೇಬ್ರಿಗೆ ಕೊಡ್ತೀನಿ.”

“ಯಾವ ಸಾಹೇಬ್ರಿಗೆ?”

“ನನಗೇ ಕಣ್ರೀ,” ಅಂದರು ಮ್ಯಾನೇಜರ್. “ಸ್ವಿಚ್ ತಿರುಗಿಸಿ ಅಂತ ಹೇಳಕ್ಕೇ ಸೊರಬಕ್ಕೆ ಬಂದಿದ್ದೆ. ನೀವು ಬರೆದದ್ದು ನನಗೆ, ಬಂದು ಸೇರಿದ್ದೂ ನನ್ನ ಕೈಗೆ. ಒಂದು ಕಾಗದವಾದ್ರೂ ಸರಿಯಾದ ಜಾಗಕ್ಕೆ ಹೋಯ್ತಲ್ಲ, ಬಿಡಿ.”

ಎದ್ದು ನಿಂತಿದ್ದವಳು ಮತ್ತೆ ಕುರ್ಚಿಯಲ್ಲಿ ಕೂತೆ.

“ಕೊಟ್ಟ ಮಾತು ಮಾತೇ. ಶಿಕಾರಿಪುರದಿಂದ ಮೊದಲು ಅಚ್ಚು ಮಾಡಿಸಿದೋರು ನೀವು. ಕೀಲಿ ನಿಮಗೇ. ನಿಮ್ಮ ಕುರ್ಚಿ ಹಿಂದೆ ಒಂದು ಮೊಳೆ ಖಾಲಿ ಇದೆಯಲ್ಲ, ಅದಕ್ಕೆ ತಗಲಾಕ್ಕೊಳ್ಳಿ.”

“ಸಾರ್... ಹುಬ್ಬಳ್ಳಿ? ಸರ್ಟಿಫಿಕೇಟು?”

“ಸ್ವಿಚ್ ತಿರುಗಿಸಿದೋರು ಹೋಗ್ತಾರೆ. ನಿಮಗೆ ಕಲಿಯಕ್ಕೆ ಏನೂ ಉಳಿದಿಲ್ಲ ಅಂತ ಅರ್ಜಿಯಲ್ಲೇ ಇದೆಯಲ್ರೀ.”

“ಆ ಸಾಲು ಮಸುಕಾಗಿತ್ತಲ್ಲ ಸಾರ್!”

“ಪೂರ್ತಿ ಮಸುಕಾಗಿತ್ತು. ಅದಕ್ಕೇ ಅಲ್ವೇನ್ರೀ ಫೋನ್ ಮಾಡಿಸಿ ನಿಮ್ಮನ್ನೇ ಕೇಳಿಸಿದ್ದು?”